ಐದು ದಿನ ತೆಗೆಯಬಾರದ ಪಟ್ಟಿ

ಸುಟ್ಟ ಗಾಯದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳುವ ಅಗತ್ಯವಿಲ್ಲ ಎಂದು ನಾನು ಇಪ್ಪತ್ತೆಂಟು ವರ್ಷ ನಂಬಿದ್ದೆ. ಭಾಂಡುಪ್ ಸ್ಟೇಷನ್ನಿಗೆ ಐದು ನಿಮಿಷದ ದೂರದಲ್ಲಿರುವ ಉಡುಪಿ ಹೋಟೆಲೊಂದರಲ್ಲಿ ನಾನು ಅಡುಗೆಮನೆಯ ಮುಖ್ಯಸ್ಥ. ಮಾಲೀಕರಾದ ಶೆಟ್ಟರಿಂದ ಹಿಡಿದು ಹಾಲು ತರುವವನವರೆಗೆ ಎಲ್ಲರಿಗೂ ನಾನು ಭಟ್ರು. ಎಣ್ಣೆ ಸಿಡಿದದ್ದು, ಕಾವಲಿ ತಾಗಿದ್ದು, ಸಾಂಬಾರು ತುಳುಕಿದ್ದು, ಹೀಗೆ ಎಲ್ಲ ಬಗೆಯ ಸುಡುವಿಕೆಯನ್ನೂ ಈ ದೇಹ ಅನುಭವಿಸಿದೆ. ಆದ್ದರಿಂದ ಕಳೆದ ಮಳೆಗಾಲದ ಒಂದು ಸೋಮವಾರ ಬೆಳಿಗ್ಗೆ ಇಡ್ಲಿ ಸ್ಟೀಮರಿನ ಉಗಿ ನನ್ನ ಎಡಗೈಯ ಮೇಲೆ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲಕ್ಕೆ, ಅಂಗೈಯಗಲದ ಜಾಗವನ್ನು ಬೇಯಿಸಿದಾಗ ನಾನು ಒಂದಿಷ್ಟೂ ಗಾಬರಿಗೊಳ್ಳಲಿಲ್ಲ.

ಉಗಿ ತಾಗಿದ್ದು ಹೇಗೆ ಎಂದು ಕೇಳುತ್ತೀರಿ. ನನಗೊಂದು ಅಭ್ಯಾಸ. ಮುಚ್ಚಿಟ್ಟ ಪಾತ್ರೆ ಕಂಡರೆ ಮುಚ್ಚಳ ತೆಗೆದು ನೋಡಬೇಕು. ಅನ್ನವಾಗಲಿ, ಬೇಳೆಯಾಗಲಿ, ರುಬ್ಬಿಟ್ಟ ಹಿಟ್ಟಾಗಲಿ, ಏನಾಗುತ್ತಿದೆ ಎಂದು ಕಣ್ಣಾರೆ ಕಾಣದೆ ಸಮಾಧಾನವಿಲ್ಲ. ಇದನ್ನು ನಾನು ಮೇಲ್ವಿಚಾರಣೆ ಎಂದು ಕರೆಯುತ್ತೇನೆ. ನನ್ನ ಹೆಂಡತಿ ಸುಮತಿ ಬೇರೊಂದು ಹೆಸರಿನಿಂದ ಕರೆಯುತ್ತಾಳೆ. ಅದು ಇಲ್ಲಿ ಬೇಡ.

ಆ ದಿನ ಸ್ಟೀಮರಿನ ಎದುರು ನಿಂತಿದ್ದವನು ಮಲ್ಲಪ್ಪ, ನಮ್ಮ ಎರಡನೇ ಅಡುಗೆಯವ. ವಿಜಯಪುರದ ಕಡೆಯ ಮನುಷ್ಯ, ನಲವತ್ತೈದು ದಾಟಿದೆ, ಮಾತು ಕಡಿಮೆ. ಜೋಳದ ರೊಟ್ಟಿ ತಿಂದು ಬೆಳೆದವನಿಗೆ ಇಡ್ಲಿ ಕಲಿಸಿದ್ದು ನಾನೇ ಎಂಬ ಹೆಮ್ಮೆ ನನಗಿತ್ತು.

"ಭಟ್ರ, ಈಗರ ಇಟ್ಟೀನ್ರೀ. ಇನ್ನಾ ಬೆಂದಿಲ್ಲ. ತೆಗೀಬ್ಯಾಡ್ರೀ," ಎಂದ.

"ನೀನು ಇಡ್ಲಿ ಕಾಣುವ ಮೊದ್ಲೇ ನಾನು ಇಡ್ಲಿ ಕಂಡವ ಮಾರಾಯ," ಎಂದು ಹೇಳಿ ಸ್ಟೀಮರಿನ ಬಾಗಿಲು ಎಳೆದೆ. ಇಡ್ಲಿ ಬೆಂದಿರಲಿಲ್ಲ. ಕೈ ಬೆಂದಿತ್ತು!

ತಣ್ಣೀರು ಬಿಡಿ ಎಂದು ಮಲ್ಲಪ್ಪ ಹೇಳಿದ. ನಾನು ಕೇಳಲಿಲ್ಲ. ಹೋಟೆಲ್ ಅಡುಗೆಯವರ ಹಳೆಯ ಮದ್ದೊಂದಿದೆ: ದೋಸೆ ಹಿಟ್ಟು. ದಪ್ಪಗೆ ಹಚ್ಚಿದೆ. ತಂಪಾಯಿತು. ಎಲ್ಲರಿಗೂ ಕೈ ತೋರಿಸಿ, "ನೋಡಿ, ಡಾಕ್ಟ್ರು ಬೇಡ, ಎಂತದೂ ಬೇಡ," ಎಂದು ಸಣ್ಣ ಭಾಷಣ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಹಿಟ್ಟು ಒಣಗಿ ಬಿಗಿಯಿತು. ಅಂಚಿನಲ್ಲಿ ಉಗುರು ಹಾಕಿ ಮೆಲ್ಲನೆ ಎಬ್ಬಿಸಿದೆ. ದೋಸೆ ಬಹಳ ಚೆನ್ನಾಗಿ ಎದ್ದಿತು. ಜೊತೆಯಲ್ಲಿ ಚರ್ಮವೂ ಎದ್ದಿತು.

ನನ್ನ ಕೂಗು ಕೇಳಿ ಶೆಟ್ಟರು ಕ್ಯಾಶ್ ಕೌಂಟರಿನಿಂದ ಎದ್ದು ಬಂದರು. ಕೈ ನೋಡಿದರು. ಮುಖ ಕಿವಿಚಿದರು.

"ಇದೆಂತ ಭಟ್ರೆ! ತೆರೆದ ಗಾಯ ಇಟ್ಕೊಂಡು ಒಳಗೆ ನಿಲ್ಲುದಾ? ನಾಳೆ ಯಾರಾದ್ರೂ ತಪಾಸಣೆಗೆ ಬಂದ್ರೆ ನಾನೆಂತ ಹೇಳುದು? ನಡೀರಿ ಡಾಕ್ಟ್ರ ಹತ್ರ. ಗಾಯ ಗುಣ ಆಗಿದೆ ಅಂತ ಡಾಕ್ಟ್ರು ಬರೆದು ಕೊಡುವವರೆಗೆ ಅಡುಗೆಮನೆಗೆ ಕಾಲು ಹಾಕ್ಬೇಡಿ."

"ಶೆಟ್ರೆ, ಅಷ್ಟಮಿಗೆ ಇನ್ನು ಹದಿನಾರೇ ದಿನ!"

"ಅದಕ್ಕೇ ಹೇಳಿದ್ದು. ಬೇಗ ಹೋಗಿ."

ಇಲ್ಲಿ ಅಷ್ಟಮಿಯ ವಿಷಯ ಹೇಳಬೇಕು. ಕೃಷ್ಣಾಷ್ಟಮಿಯ ಮರುದಿನ, ಮೊಸರುಕುಡಿಕೆಯಂದು, ನಮ್ಮ ಊರಿನವರ ಸಂಘದಲ್ಲಿ ಮಧ್ಯಾಹ್ನದ ಊಟ. ಅದಕ್ಕೆ ಎಂಟುನೂರು ಮೂಡೆ ನಮ್ಮ ಹೋಟೆಲಿನಿಂದಲೇ ಹೋಗಬೇಕು. ಮೂಡೆ ಎಂದರೆ ಕೇದಗೆ ಜಾತಿಯ ಎಲೆಯನ್ನು ಸುರುಳಿ ಸುತ್ತಿ, ಆ ಕೊಳವೆಯೊಳಗೆ ಇಡ್ಲಿ ಹಿಟ್ಟು ಹೊಯ್ದು, ನಿಲ್ಲಿಸಿ ಬೇಯಿಸುವ ತಿಂಡಿ. ಸುತ್ತಿದ ಎಲೆಯ ಕೊಳವೆಗಳು, ನಮ್ಮ ಮಾತಿನಲ್ಲಿ ಕೊಟ್ಟೆಗಳು, ಊರಿನಿಂದ ಬಸ್ಸಿನಲ್ಲಿ ಬರುತ್ತವೆ. ಹಿಟ್ಟಿನ ಹದ, ಉಗಿಯ ಅಳತೆ ಎಲ್ಲ ನನ್ನದು. ಹತ್ತೊಂಬತ್ತು ವರ್ಷಗಳಿಂದ ಊಟದ ಕೊನೆಗೆ ಸಂಘದ ಕಾರ್ಯದರ್ಶಿಗಳು ಮೈಕ್ ಹಿಡಿದು ನನ್ನ ಹೆಸರು ಹೇಳುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ವರ್ಷವಿಡೀ ಅಡುಗೆಮನೆಯ ಹೊಗೆಯಲ್ಲಿ ನಿಲ್ಲುವ ಮನುಷ್ಯನಿಗೆ ಆ ಒಂದು ಚಪ್ಪಾಳೆ ಎಷ್ಟು ದೊಡ್ಡದೆಂದು ನಿಂತವರಿಗೇ ಗೊತ್ತು. ಅದನ್ನು ಕಳೆದುಕೊಳ್ಳುವ ಯೋಚನೆಯೇ ನನಗೆ ಗಾಯಕ್ಕಿಂತ ಹೆಚ್ಚು ಉರಿಯಿತು.

ಡಾಕ್ಟರು ಮರಾಠಿ ಹುಡುಗಿ. ಹುಡುಗಿ ಎಂದರೆ ನನ್ನ ಲೆಕ್ಕದಲ್ಲಿ, ಮೂವತ್ತೈದಾದರೂ ಇರಬಹುದು. ಗಾಯ ತೊಳೆಯುತ್ತಾ, "ಕಾಕಾ, ಯೇ ಸಫೇದ್ ಕ್ಯಾ ಹೈ?" ಎಂದು ಕೇಳಿದಳು. ಈ ಬೆಳ್ಳಗಿನದು ಏನು? ದೋಸೆ ಹಿಟ್ಟು ಎಂದೆ. ಆಕೆ ಇನ್ನೊಂದು ಸಲ ತೊಳೆದಳು. ಬಳಿಕ ಟ್ಯೂಬಿನಿಂದ ನೀರಿನಂತೆ ತಿಳಿಯಾದ ಜೆಲ್ ಹಿಂಡಿ ಗಾಯದ ಮೇಲೆ ಹರಡಿ, ಅದರ ಮೇಲೆ ಚರ್ಮದ ಬಣ್ಣದ, ರಬ್ಬರಿನಂತೆ ಮೆತ್ತಗಿನ ಒಂದು ಪಟ್ಟಿ ಅಂಟಿಸಿದಳು. ಹತ್ತಿಯಿಲ್ಲ, ಸುತ್ತುವ ಬಟ್ಟೆಯಿಲ್ಲ, ಹಳದಿ ಮುಲಾಮಿಲ್ಲ. ಇದೆಂಥ ಬ್ಯಾಂಡೇಜು ಎಂದು ನನಗೆ ಆಗಲೇ ಅಸಡ್ಡೆ ಹುಟ್ಟಿತು.

"ಪಾಂಚ್ ದಿನ್ ಖೋಲ್ನೇಕಾ ನಹೀ," ಎಂದಳು. ಐದು ದಿನ ತೆಗೆಯಬಾರದು. ಒಳಗೆ ಗಾಯದ ನೀರು ಸೇರಿ ಪಟ್ಟಿ ಉಬ್ಬುತ್ತದೆ, ಬೆಳ್ಳಗಾಗುತ್ತದೆ, ಲೋಳೆ ಕಾಣುತ್ತದೆ, ಸ್ವಲ್ಪ ವಾಸನೆಯೂ ಬರಬಹುದು; ಅದು ಪಟ್ಟಿ ಕೆಲಸ ಮಾಡುವ ರೀತಿ. ಜ್ವರ ಬಂದರೆ, ಸುತ್ತಲೂ ಕೆಂಪಗೆ ಬಾತರೆ, ನೋವು ಏರಿದರೆ ತನ್ನ ಹತ್ತಿರ ಬರಬೇಕು. ಇಲ್ಲವಾದರೆ ಸುಮ್ಮನಿದ್ದರಾಯಿತು, ಹನ್ನೆರಡು ಹದಿಮೂರು ದಿನದಲ್ಲಿ ಹೊಸ ಚರ್ಮ ಬರುತ್ತದೆ ಎಂದಳು.

ಹದಿಮೂರು! ಅಂದರೆ ಅಷ್ಟಮಿಗೆ ಮೂರು ದಿನ ಮೊದಲೇ ನಾನು ಅಡುಗೆಮನೆಯಲ್ಲಿ. ನಗುತ್ತಾ ಹೊರಬಂದೆ. ನಾನು ಮಾಡಬೇಕಾದ ಕೆಲಸ ಒಂದೇ ಆಗಿತ್ತು: ಏನೂ ಮಾಡದಿರುವುದು.

ಮಂಗಳವಾರ ಏನೂ ಮಾಡಲಿಲ್ಲ. ಬುಧವಾರ ಸಂಜೆ ಪಟ್ಟಿಯ ನಡುಭಾಗ ಗುಳ್ಳೆಯಂತೆ ಉಬ್ಬಿತು. ಉಬ್ಬುತ್ತದೆ ಎಂದು ಡಾಕ್ಟರು ಹೇಳಿದ್ದು ನಿಜ. ಆದರೆ ಎಷ್ಟು ಉಬ್ಬುತ್ತದೆ ಎಂದು ಹೇಳಿರಲಿಲ್ಲವಲ್ಲ? ಸುಮತಿ ಬಟ್ಟೆ ಮಡಚುತ್ತಿದ್ದಳು. ನಾನು ಗೋಡೆಯ ಕಡೆ ತಿರುಗಿ ಕುಳಿತು ಒಂದು ಮೂಲೆಯನ್ನು, ಒಂದೇ ಒಂದು ಮೂಲೆಯನ್ನು, ಎತ್ತಿದೆ. ಒಳಗೆ ಹಳದಿ ಮಿಶ್ರಿತ ಲೋಳೆ. ಕೀವು!

"ಎಂತ ಮಾಡ್ತಾ ಇದ್ದೀರಿ ಅಲ್ಲಿ?" ಎಂದಳು ಸುಮತಿ.

"ಎಂತ ಇಲ್ಲ. ಸೊಳ್ಳೆ."

ಮೂಲೆಯನ್ನು ಮತ್ತೆ ಒತ್ತಿದೆ. ಅಂಟಲಿಲ್ಲ. ಇನ್ನಷ್ಟು ಒತ್ತಿದೆ. ಲೋಳೆ ಹೊರಗೆ ಬಂತು, ಎದುರಿನ ಮೂಲೆಯೂ ಎದ್ದಿತು. ಪಾರ್ಸೆಲ್ಲಿಗೆ ಹಚ್ಚುವ ಟೇಪು ತಂದು ನಾಲ್ಕು ಸುತ್ತು ಸುತ್ತಿದೆ. ಮರುದಿನ ಡಾಕ್ಟರ ಮುಂದೆ ಕೈ ಚಾಚಿ, ಪಟ್ಟಿ ತಾನಾಗಿಯೇ ಬಿಚ್ಚಿಕೊಂಡಿತು ಎಂದು ವಿನಯದಿಂದ ನಿವೇದಿಸಿದೆ.

"ಔರ್ ಯೇ ಟೇಪ್ ಭೀ ಅಪ್ನೇ ಆಪ್ ಆಯಾ?" ಎಂದಳು ಆಕೆ. ಈ ಟೇಪೂ ತಾನಾಗಿಯೇ ಬಂತೇ? ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಆಸಕ್ತಿಯಿಂದ ನೋಡಿದೆ.

ಅದು ಕೀವಲ್ಲ ಎಂದು ಆಕೆ ಸಮಾಧಾನವಾಗಿಯೇ ವಿವರಿಸಿದಳು. ಪಟ್ಟಿ ಗಾಯದ ನೀರನ್ನು ಹೀರಿಕೊಂಡು ಜೆಲ್ ಆಗುತ್ತದೆ. ಆ ತೇವದಲ್ಲೇ ಹೊಸ ಚರ್ಮ ಬೆಳೆಯುತ್ತದೆ. ಪ್ರತಿ ಸಲ ಎಳೆದಾಗ ಆ ಎಳೆಯ ಚರ್ಮವೂ ಕಿತ್ತುಬರುತ್ತದೆ. ಹೊಸ ಪಟ್ಟಿ ಹಚ್ಚಿದಳು. ಮಳೆಯಲ್ಲಿ ನೆನೆದರೆ ಬೇಕಾದೀತೆಂದು ಇನ್ನೆರಡು ಪಟ್ಟಿ, ಒಂದು ಟ್ಯೂಬ್ ಜೆಲ್ ಬರೆದುಕೊಟ್ಟಳು. ನನ್ನಂಥವನ ಕೈಗೆ ಹೆಚ್ಚುವರಿ ಪಟ್ಟಿ ಕೊಡಬಾರದಿತ್ತು. ಪಾಪ, ಆಕೆಗೇನು ಗೊತ್ತು!

ಅಷ್ಟು ದಿನ ಶೆಟ್ಟರು ನನ್ನನ್ನು ಕ್ಯಾಶ್ ಕೌಂಟರಿನಲ್ಲಿ ಕೂರಿಸಿದ್ದರು. ಭಾನುವಾರ ಬೆಳಿಗ್ಗೆ ಅಲ್ಲಿ ಕುಳಿತಿದ್ದಾಗ ನನ್ನ ಮೂಗಿಗೆ ಸಣ್ಣದಾಗಿ ಒಂದು ವಾಸನೆ ಬಂತು. ಹುಳಿ ವಾಸನೆ. ವಾಸನೆಯ ವಿಷಯದಲ್ಲಿ ನನ್ನ ಮೂಗು ಸಾಮಾನ್ಯದ್ದಲ್ಲ. ಹಿಟ್ಟು ಎಷ್ಟು ಗಂಟೆ ಹುಳಿ ಬಂದಿದೆ ಎಂದು ದೂರದಿಂದಲೇ ಹೇಳಬಲ್ಲೆ. ಆದರೂ ಎರಡನೆಯ ಅಭಿಪ್ರಾಯ ಇರಲಿ ಎಂದು ಮಲ್ಲಪ್ಪನನ್ನು ಹೊರಗೆ ಕರೆದೆ. ಕೈಯನ್ನು ಅವನ ಮೂಗಿನ ಕೆಳಗೆ ಹಿಡಿದು, "ಹೇಗುಂಟು?" ಎಂದೆ.

ಅವನು ಪ್ರಾಮಾಣಿಕ ಮನುಷ್ಯ. ಕಣ್ಣುಮುಚ್ಚಿ, ದೀರ್ಘವಾಗಿ ಎಳೆದು, ಹಿಟ್ಟಿನ ಬಗ್ಗೆ ಹೇಳುವ ಧ್ವನಿಯಲ್ಲೇ ಹೇಳಿದ. "ಹುಳಿ ಭಾಳ ಬಂದೈತ್ರೀ, ಭಟ್ರ. ಇವತ್ತ ಖಾಲಿ ಮಾಡಬೇಕ್ರೀ."

ಕೌಂಟರಿನ ಎದುರು ಬಿಲ್ ಹಿಡಿದು ನಿಂತಿದ್ದವರಲ್ಲಿ ಕನ್ನಡ ಬಲ್ಲವರೂ ಇದ್ದರು, ಬಾರದವರೂ ಇದ್ದರು. ನನ್ನ ಕೈ, ಅದರ ಮೇಲಿನ ಉಬ್ಬಿದ ಪಟ್ಟಿ, ಅದನ್ನು ಮೂಸುತ್ತಿರುವ ಅಡುಗೆಯವ: ಇಷ್ಟು ಎಲ್ಲರಿಗೂ ಅರ್ಥವಾಯಿತು. ದಿನವೂ ಎರಡು ಇಡ್ಲಿ ತಿಂದು ಇನ್ನೆರಡು ಕಟ್ಟಿಸಿಕೊಳ್ಳುವ ಹಿರಿಯರೊಬ್ಬರು ಪೊಟ್ಟಣವನ್ನು ಮೆಲ್ಲಗೆ ಕೌಂಟರಿನ ಮೇಲೆಯೇ ಇಟ್ಟು ಹೊರಟುಹೋದರು.

ಶೆಟ್ಟರು ಕೂಗಾಡಲಿಲ್ಲ. ಕೈ ಮುಗಿದರು. "ಭಟ್ರೆ, ನೀವು ಮನೇಲಿ ಕೂತ್ಕೊಳ್ಳಿ. ಸಂಬಳ ಅಲ್ಲಿಗೇ ಕಳಿಸ್ತೇನೆ," ಎಂದರು. ಹೀಗೆ ಅಡುಗೆಮನೆಯಿಂದ ಕೌಂಟರಿಗೆ, ಕೌಂಟರಿನಿಂದ ಮನೆಗೆ ನನ್ನ ಬಡ್ತಿಯಾಯಿತು.

ಮನೆಯಲ್ಲಿ ಕುಳಿತವನಿಗೆ ಯೋಚನೆ ಹೆಚ್ಚು. ಹುಳಿ ಬಂದದ್ದು ಯಾಕೆ? ತೇವದಿಂದ. ತೇವ ಹೋಗಬೇಕಾದರೆ? ಒಣಗಬೇಕು. ಚಿಕ್ಕಂದಿನಿಂದ ಎಲ್ಲರೂ ಹೇಳಿದ್ದು ಅದನ್ನೇ, ಗಾಯಕ್ಕೆ ಗಾಳಿ ಆಡಬೇಕು ಎಂದು. ಆ ಹುಡುಗಿ ಒಬ್ಬಳಿಗೆ ಮಾತ್ರ ಗಾಯ ಒದ್ದೆಯಾಗಿರಬೇಕಂತೆ! ಪಟ್ಟಿ ಕಿತ್ತೆ. ಪಾತ್ರೆಯ ತಳ ಒರೆಸುವ ಶ್ರದ್ಧೆಯಿಂದ ಲೋಳೆಯನ್ನೆಲ್ಲ ಒರೆಸಿದೆ. ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ನಾವು ಇಟ್ಟುಕೊಂಡಿದ್ದ ಟೇಬಲ್ ಫ್ಯಾನಿನ ಮುಂದೆ, ಸುಮತಿಯ ಎರಡು ಸೀರೆಗಳ ನಡುವೆ ಕೈ ಚಾಚಿ ಕುಳಿತೆ. ಎರಡು ಗಂಟೆಯಲ್ಲಿ ಗಾಯ ಒಣಗಿ ಗರಿಗರಿಯಾಯಿತು. ನನಗೆ ಬಹಳ ತೃಪ್ತಿ. ನೀರು ಕುಡಿಯೋಣವೆಂದು ಚೊಂಬು ಎತ್ತಿದೆ. ಒಣಗಿದ್ದು ಮಧ್ಯದಲ್ಲಿ ಬಿರಿದು ರಕ್ತ ಬಂತು. ಎರಡು ಹನಿ ಸೀರೆಯ ಮೇಲೆ ಬಿತ್ತು. ಆಮೇಲೆ ನಡೆದದ್ದನ್ನು ಗಾಯದ ಚರಿತ್ರೆಯಲ್ಲಿ ಸೇರಿಸುವ ಅಗತ್ಯವಿಲ್ಲ.

ಸುಮತಿ ಕೈ ತೊಳೆದುಕೊಂಡು ಬಂದು, ಗಾಯ ತೊಳೆದು, ಜೆಲ್ ಹಚ್ಚಿ, ಉಳಿದ ಎರಡು ಪಟ್ಟಿಗಳಲ್ಲಿ ಒಂದನ್ನು ಅಂಟಿಸಿದಳು. ಆಮೇಲೆ ಮೇಜಿನ ಆಚೆ ಬದಿ ನನ್ನೆದುರಿಗೆ ಕುಳಿತು, ಪೆನ್ನು ತೆಗೆದು, ಪಟ್ಟಿಯ ಅಂಚಿನಲ್ಲಿ ತನ್ನ ಸಹಿ ಹಾಕಿದಳು. ಅರ್ಧ ಪಟ್ಟಿಯ ಮೇಲೆ, ಅರ್ಧ ಚರ್ಮದ ಮೇಲೆ!

"ಇದೆಂತ?"

"ಸೀಲು. ಪಟ್ಟಿ ತೆಗೆದ್ರೆ ಸಹಿ ಮುರಿತದೆ. ನೋಡುವ ಈಗ, ಹೇಗೆ ತೆಗಿತೀರಿ ಅಂತ."

ಗಂಡನ ಕೈಗೆ ಸೀಲು ಹಾಕುವ ಕಾಲ ಬಂತಲ್ಲ ಎಂದು ನನಗೆ ಅವಮಾನವಾಯಿತು. ನಾನೇನು ಹಾಲಿನ ಪಾತ್ರೆಯೇ? ಮೂರು ದಿನ ಛಲದಿಂದ ಮುಟ್ಟಲಿಲ್ಲ. ಗುರುವಾರ ಬೆಳಿಗ್ಗೆ ಅವಳು ತರಕಾರಿಗೆ ಹೋದಳು. ಹನ್ನೊಂದನೆಯ ದಿನ ಅದು. ಇನ್ನೆರಡು ದಿನದಲ್ಲಿ ಗುಣವಾಗಬೇಕಿತ್ತು. ಆಗುತ್ತಿದೆಯೋ ಇಲ್ಲವೋ? ಇಲ್ಲವೆಂದಾದರೆ ಎಂಟುನೂರು ಮೂಡೆಯ ಗತಿಯೇನು? ಇದು ಕುತೂಹಲವಲ್ಲ, ಜವಾಬ್ದಾರಿ ಎಂದು ನನಗೆ ನಾನೇ ಹೇಳಿಕೊಂಡು ತೆಗೆದೆ.

ಒಳಗೆ ಅಂಚಿನಲ್ಲಿ ತೆಳ್ಳಗೆ ಗುಲಾಬಿ ಬಣ್ಣ ಬಂದಿತ್ತು. ನಿಜವಾಗಿಯೂ ಬಂದಿತ್ತು! ಅದನ್ನು ನೋಡಿ ಸಂತೋಷಪಡುವಷ್ಟರಲ್ಲಿ, ಅದರ ಒಂದು ತುಂಡು ಪಟ್ಟಿಗೇ ಅಂಟಿಕೊಂಡು ಬಂದಿರುವುದೂ ಕಾಣಿಸಿತು.

ಈಗ ಪಶ್ಚಾತ್ತಾಪಕ್ಕೆ ಸಮಯವಿರಲಿಲ್ಲ. ಕೊನೆಯ ಪಟ್ಟಿಯನ್ನು ಅಂಟಿಸಿದೆ. ಇನ್ನು ಸಹಿಯೊಂದು ಬಾಕಿ. ಇಪ್ಪತ್ತೆರಡು ವರ್ಷಗಳಿಂದ ರೇಷನ್ ಕಾರ್ಡಿನಲ್ಲಿ, ಪಾಸ್‌ಬುಕ್ಕಿನಲ್ಲಿ ಕಂಡ ಸಹಿ. ಹಳೆಯ ಕಾಗದದ ಮೇಲೆ ಹತ್ತು ಸಲ ಅಭ್ಯಾಸ ಮಾಡಿ, ಚರ್ಮದ ಮೇಲಿದ್ದ ಹಳೆಯ ಅರ್ಧವನ್ನು ಒದ್ದೆ ಬಟ್ಟೆಯಿಂದ ಉಜ್ಜಿ ತೆಗೆದು, ಅದೇ ಪೆನ್ನಿನಿಂದ ಅದೇ ಜಾಗದಲ್ಲಿ ಹಾಕಿದೆ. ಅದೇ ಕೊಂಬು, ಅದೇ ಬಾಲ, ಕೆಳಗಿನ ಎರಡು ಚುಕ್ಕೆ ಸಮೇತ. ಬ್ಯಾಂಕಿನವರೂ ಒಪ್ಪುವಂತಿತ್ತು.

ಸುಮತಿ ಬಂದಳು. ಚೀಲ ಇಟ್ಟಳು. ಕೈ ನೋಡಿದಳು. ಕುತ್ತಿಗೆಯನ್ನು ಒಮ್ಮೆ ಎಡಕ್ಕೆ ವಾಲಿಸಿದಳು, ಒಮ್ಮೆ ಬಲಕ್ಕೆ.

"ನಾನು ಎಲ್ಲಿ ಕೂತು ಸಹಿ ಹಾಕಿದ್ದು?"

"ಎದುರು."

"ಎದುರು ಕೂತು ಹಾಕಿದ್ರೆ ಸಹಿ ನಿಮ್ಗೆ ತಲೆಕೆಳಗೆ ಕಾಣ್ಬೇಕಲ್ಲ? ಇದು ನಿಮ್ಗೆ ನೆಟ್ಟಗೆ ಉಂಟಲ್ಲ! ನಾನೆಂತ ನಿಮ್ಮ ತೊಡೆ ಮೇಲೆ ಕೂತು ಸಹಿ ಹಾಕಿದ್ದಾ?"

ನಾನು ಮತ್ತೆ ಸೊಳ್ಳೆಯ ಮೇಲೆ ಹಾಕಲು ನೋಡಿದೆ. ಆಗಲಿಲ್ಲ.

ಅವಳು ನನ್ನನ್ನು ಅದೇ ಗಳಿಗೆಯಲ್ಲಿ ಡಾಕ್ಟರ ಹತ್ತಿರ ಕರೆದೊಯ್ದಳು. ಡಾಕ್ಟರು ಗಾಯ ನೋಡಿ, ಸುತ್ತ ಕೆಂಪಾಗಿದ್ದಕ್ಕೆ ಮಾತ್ರೆ ಬರೆದು, ಹೊಸ ಪಟ್ಟಿ ಹಚ್ಚಿ, ಇನ್ನೂ ಎರಡು ವಾರ ಬೇಕೆಂದಳು. ಅಷ್ಟಮಿಯೊಳಗೆ ಸಾಧ್ಯವೇ ಇಲ್ಲ. ಮೊದಲನೆಯ ಪಟ್ಟಿಯನ್ನು ಬಿಟ್ಟಿದ್ದರೆ ಈ ಹೊತ್ತಿಗೆ ಮುಗಿದಿರುತ್ತಿತ್ತು ಎಂದೂ ಸೇರಿಸಿದಳು. ಪಟ್ಟಿ ಮಾಡುವ ಕೆಲಸವನ್ನು ಪಟ್ಟಿಗೇ ಬಿಡಿ ಕಾಕಾ ಎಂದಳು. ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ. ಅಳು ಬಂತು. ಐವತ್ತಾರು ವರ್ಷದ ಗಂಡಸು ಎಂಟುನೂರು ಮೂಡೆಗಾಗಿ ಕ್ಲಿನಿಕ್ಕಿನ ಎದುರು ಕಣ್ಣೊರೆಸಿಕೊಂಡ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಅದು. ಸುಮತಿ ಆಗ ಬೈಯಲಿಲ್ಲ. ಪಕ್ಕದಲ್ಲಿ ಕುಳಿತಳು.

ಗಾಯ ಕೊನೆಗೂ ಗುಣವಾದದ್ದು ಅಷ್ಟಮಿ ಕಳೆದು ಒಂಬತ್ತನೆಯ ದಿನ. ಅಷ್ಟು ದಿನವೂ ನಾನು ಪಟ್ಟಿ ಮುಟ್ಟಲಿಲ್ಲ. ಮುಟ್ಟದೇ ಇದ್ದದ್ದರಿಂದಲೇ ಗುಣವಾಯಿತು ಎಂದು ಸುಮತಿ ಹೇಳುತ್ತಾಳೆ, ಇರಬಹುದು.

ಮೊಸರುಕುಡಿಕೆಯ ಬೆಳಿಗ್ಗೆ ಶೆಟ್ಟರು ದಯೆ ತೋರಿಸಿ ಅಡುಗೆಮನೆಯ ಬಾಗಿಲಿನ ಹೊರಗೆ ನನಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದರು. ಒಳಗೆ ಮಲ್ಲಪ್ಪ. ಊರಿಂದ ಬಂದ ಕೊಟ್ಟೆಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿ, ಹಿಟ್ಟು ಹೊಯ್ದು, ಸ್ಟೀಮರ್ ಮುಚ್ಚಿ, ಗೋಡೆಯ ಗಡಿಯಾರ ನೋಡಿ, ಅವನು ತೆಂಗಿನಕಾಯಿ ತುರಿಯಲು ಕುಳಿತುಬಿಟ್ಟ. ಕುಳಿತೇಬಿಟ್ಟ!

"ಮಲ್ಲಪ್ಪ, ಹತ್ತು ನಿಮಿಷ ಆಯ್ತು. ಒಮ್ಮೆ ನೋಡು."

"ಆಗ್ಲಿ ಬಿಡ್ರೀ."

"ಇಪ್ಪತ್ತಾಯ್ತು. ಬಾಗಿಲು ಸ್ವಲ್ಪ ತೆಗೆ."

"ತೆಗದ್ರ ಉಗಿ ಹೋಗ್ತೈತ್ರೀ. ನಡು ಹಸೀ ಉಳೀತಾವ್ರೀ. ನೀವ್ ಆರಾಮ ಕುಂಡರ್ರೀ ಭಟ್ರ."

ನನಗೆ ಮೂಡೆಯ ಪಾಠ, ಅದೂ ವಿಜಯಪುರದಿಂದ! ಇವತ್ತು ಸಂಘದಲ್ಲಿ ಮಾನ ಹೋಗುವುದು ಖಂಡಿತ ಎಂದು ನನಗೆ ಅನಿಸಿತು. ನಿಜ ಹೇಳಬೇಕೆಂದರೆ ಹೋಗಲಿ ಎಂದೂ ಒಳಗೊಳಗೆ ಅನಿಸಿತು. ಭಟ್ರಿಲ್ಲದೆ ಆಗುವುದಿಲ್ಲ ಎಂದು ನಾಲ್ಕು ಜನ ಹೇಳಲಿ ಎಂಬ ಸಣ್ಣ ಆಸೆ.

ಮಧ್ಯಾಹ್ನ ಸಂಘದ ಊಟ. ನಾನೂ ಸುಮತಿಯೂ ಪಂಕ್ತಿಯ ಕೊನೆಯಲ್ಲಿ ಕುಳಿತಿದ್ದೆವು. ಮೂಡೆ ಬಡಿಸಿಕೊಂಡು ಹೋದರು. ಎಲ್ಲರೂ ಎಲೆ ಬಿಡಿಸಿ ತಿನ್ನತೊಡಗಿದರು. ಇದೇನು ಭಟ್ರೆ ಎಂದು ಯಾರೂ ದೂರಲಿಲ್ಲ, ಎರಡನೆಯ ಸಲ ಕೇಳಿ ಹಾಕಿಸಿಕೊಂಡವರೇ ಹೆಚ್ಚು. ಕಾರ್ಯದರ್ಶಿಗಳು ಮೈಕ್ ಹಿಡಿಯುವ ಮೊದಲು ನೇರವಾಗಿ ನನ್ನ ಹತ್ತಿರ ಬಂದರು. ಹೋಟೆಲಿನಲ್ಲಿ ನಡೆದದ್ದು ಅವರಿಗೆ ತಿಳಿದಿರಲಿಲ್ಲ.

"ಭಟ್ರೆ, ಈ ವರ್ಷ ಎಂತ ಮಾಡಿದ್ರಿ ಮಾರಾಯ್ರೆ? ಇಷ್ಟು ಮೆತ್ತಗೆ! ಬೇಜಾರು ಮಾಡ್ಬೇಡಿ, ಪ್ರತಿ ವರ್ಷ ನಡು ಸ್ವಲ್ಪ ಹಸಿ ಇರ್ತಿತ್ತು. ನಿಮ್ಮ ಮುಖ ನೋಡಿ ಯಾರೂ ಹೇಳ್ತಿರ್ಲಿಲ್ಲ. ಈ ಸಲ ಒಂದೇ ಒಂದು ಹಸಿ ಇಲ್ಲ!"

ಪಟ್ಟಿಯಿದ್ದ ಕೈಯನ್ನು ನಾನು ಮೇಜಿನ ಕೆಳಗೆ ಸರಿಸಿದೆ. ಮಾಡಿದ್ದು ಮಲ್ಲಪ್ಪ ಎಂದು ಹೇಳಿದೆ. ಹೇಳಲು ಸ್ವಲ್ಪ ಹೊತ್ತು ಹಿಡಿಯಿತು, ಆದರೆ ಹೇಳಿದೆ. ಅವರು ಮೈಕಿನಲ್ಲಿ ಮಲ್ಲಪ್ಪನ ಹೆಸರು ಕರೆದರು. ಚಪ್ಪಾಳೆ ನನಗೆ ಬೀಳುತ್ತಿದ್ದುದಕ್ಕಿಂತ ಜೋರಾಗಿತ್ತು.

ನಾನು ಸುಮತಿಯ ಕಡೆ ತಿರುಗಿದೆ. "ಹತ್ತೊಂಬತ್ತು ವರ್ಷ ಹಸಿ ಇತ್ತಂತೆ! ಕೇಳಿದ್ಯಾ? ಸುಳ್ಳಲ್ವಾ?"

"ಸುಳ್ಳೆಂತ? ನಾನೂ ತಿಂದಿದ್ದೇನಲ್ಲ."

"ಮತ್ತೆ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ನಿಂಗೆ?"

"ಹೇಳಿದ್ರೆ ನೀವು ಇನ್ನೂ ಎರಡು ಸಲ ತೆಗೆದು ನೋಡ್ತಿದ್ರಿ."

ನಾನು ನನ್ನೆದುರಿಗಿದ್ದ ಮೂಡೆಯ ಎಲೆ ಬಿಡಿಸಿ, ಮಧ್ಯಕ್ಕೆ ಮುರಿದು ಬಾಯಿಗಿಟ್ಟೆ. ಬಹಳ ಚೆನ್ನಾಗಿ ಬೆಂದಿತ್ತು!